ದ್ವೀಪದಿಂದ ತಂದ ಸುದ್ದಿ

ಮೊನ್ನೆ ಮೊಮ್ಮಗಳ ಶಾಲೆಯ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಬೇಕೆಂದು ನಮ್ಮ ಮನೆಯವಳು ಬೀರು ತೆಗೆದು, ಅಡಿಯಲ್ಲಿದ್ದ ಗಿಳಿಹಸಿರು ಸೀರೆಯನ್ನು ಮಂಚದ ಮೇಲೆ ಹರವಿದಳು. ಮೊದಲು ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಅದು ಇಳಿದ ಮೇಲೆ, ಅದರ ಅಡಿಯಿಂದ ಇನ್ನೊಂದು ವಾಸನೆ ನಿಧಾನಕ್ಕೆ ಎದ್ದು ಬಂತು... ಗಂಜಿಯದು, ರೇಷ್ಮೆಯದು, ಸಗಣಿ ಸಾರಿಸಿದ ನೆಲದ ತಂಪಿನದು. ಮೊಳಕಾಲ್ಮುರಿನ ಒಂದು ಮಗ್ಗದ ಮನೆಯ ವಾಸನೆ. ನಾನು ಎದ್ದು ಪಡಸಾಲೆಗೆ ಹೋದೆ. ನುಸಿಗುಳಿಗೆ ವಾಸನೆ ಆಗಿಬರಲ್ವಾ ಅಂತ ಒಳಗಿಂದಲೇ ಕೇಳಿದಳು. ಹೌದು ಅಂದೆ. ಅದೂ ಸುಳ್ಳೇ.

ಆ ಸೀರೆ ನೇಯ್ದವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮಗಳು ಇನ್ನೂ ಅದೇ ಬೀದಿಯಲ್ಲಿ ಬಾಳುತ್ತಿದ್ದಾಳೆ. ನಮ್ಮ ಮನೆಯಲ್ಲಿ ಅವರನ್ನು ಮಗ್ಗದ ಮಾವ ಅಂತಲೇ ಕರೆಯುತ್ತಿದ್ದದ್ದು. ನೆಂಟಸ್ತನವೇನೂ ಇಲ್ಲ. ನಾವು ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ಇಟ್ಟ ಲಿಂಗವಂತರು. ಅವರು ಮೊಳಕಾಲ್ಮುರಿನ ನೇಕಾರರು, ಹೊಸಿಲ ಒಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ನಮ್ಮ ಅವ್ವನ ಮದುವೆ ಸೀರೆ ನೇಯ್ದದ್ದು ಅವರಪ್ಪ. ನನ್ನ ಹೆಂಡತಿಯದು ಅವರು. ಮನೆಯಲ್ಲಿ ಯಾರ ಮದುವೆ ಗೊತ್ತಾದರೂ ಮೊದಲು ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿನ ಬಸ್ಸು ಹಿಡಿಯುವುದು, ಆಮೇಲೆ ಮಿಕ್ಕ ಕೆಲಸ. ಹಾಗೆ ಹೋಗಿ ಬಂದೇ ಅವರು ಮಾವನಾದರು, ನಾನು ಅಳಿಯನಾದೆ. ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಸಾಕು, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡೇ, ತಲೆ ಎತ್ತದೆ, "ಏಮಯ್ಯಾ ಅಲ್ಲುಡೂ, ದಾರಿ ತಪ್ಪಿ ಬಂದ್ಯಾ?" ಅನ್ನುತ್ತಿದ್ದರು. ತೆಲುಗಿನಲ್ಲಿ ಅಲ್ಲುಡು ಅಂದರೆ ಅಳಿಯ. ಆ ಮಾತಿಗೆ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದ ಮಗಳು ನಗುತ್ತಿದ್ದಳು.

ನನಗೆ ಮಾತು ಕಲಿಸಿದ್ದು ಜಗಲಿ. ನಮ್ಮಜ್ಜಿ, ದೊಡ್ಡಪ್ಪ, ಮಂಡಿಗೆ ಬರುತ್ತಿದ್ದ ನನ್ನಿವಾಳದ ಕಡೆಯ ಮುದುಕರು, ಇವರೆಲ್ಲ ಕತೆ ಹೇಳುವುದನ್ನು ಕೇಳುತ್ತಲೇ ಬೆಳೆದೆ. ಕೇಳುವವರ ಕಣ್ಣು ಅಗಲವಾದರೆ ಕತೆ ಎಲ್ಲಿಗೆ ಬೇಕಾದರೂ ತಿರುಗುತ್ತದೆ ಅನ್ನುವುದು ಅಜ್ಜಿಯಿಂದ ಬಂದ ವಿದ್ಯೆ. ಮಗ್ಗದ ಮಾವನಿಗೆ ನನ್ನ ಮಾತೆಂದರೆ ಪ್ರಾಣ. ಇಡೀ ದಿನ ಒಂದೇ ಗುಂಡಿಯಲ್ಲಿ ಕೂತ ಮನುಷ್ಯನಿಗೆ ಹೊರಗಿನ ಪ್ರಪಂಚವನ್ನು ನಾನೇ ತಂದುಕೊಡಬೇಕಿತ್ತು. ಚಿತ್ರದುರ್ಗದ ಕೋರ್ಟು, ಮಾರ್ಕೆಟ್ ಯಾರ್ಡಿನ ಜಗಳ, ದನ ಮೇಯುತ್ತಿದ್ದ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಸರ್ಕಾರದವರು ಎಬ್ಬಿಸಿದ ಉದ್ದುದ್ದ ಕಾಂಪೌಂಡು, ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ಅವರಿಗೆ ಅದು ಉಪ್ಪು ಖಾರ ಅಂತ ಗೊತ್ತಿರುತ್ತಿತ್ತು. ಗೊತ್ತಿದ್ದೂ ನಗುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ, ಒಬ್ಬೊಬ್ಬರ ಹೆಸರು ಹೇಳಿ ಎಡೆ ಬಡಿಸುತ್ತಿದ್ದರು. ಇದು ಎಲ್ಲ ಮನೆಗಳಲ್ಲೂ ಉಂಟು. ಆದರೆ ಇವರ ಸಾಲಿನ ಕೊನೆಯಲ್ಲಿ ಒಂದು ಎಲೆ ಬೋರಲು ಬಿದ್ದಿರುತ್ತಿತ್ತು. ಹಸಿರು ಬೆನ್ನು ಮೇಲೆ, ಏನೂ ಬಡಿಸದೆ. ಅದು ಅವರ ತಾತನ ತಮ್ಮನ ಎಲೆ. ಮನೆಯಲ್ಲಿ ಅವರನ್ನು ಚಿನ್ನತಾತ ಅನ್ನುತ್ತಿದ್ದರು, ಅಂದರೆ ಚಿಕ್ಕ ತಾತ.

ಚಿನ್ನತಾತ ಇದ್ದದ್ದು ಗಡಿಯಾಚೆ, ರಾಯದುರ್ಗದ ಕಡೆಯ ಹಳ್ಳಿಯಲ್ಲಿ. ಅದು ಆಗ ಬ್ರಿಟಿಷರ ಸೀಮೆ. ನೇಕಾರರು ಬೆಳಗಿನ ಜಾವ ಬೀದಿಯುದ್ದಕ್ಕೂ ಗೂಟ ನೆಟ್ಟು, ಸೀರೆಯ ಉದ್ದದ ಎಳೆಗಳನ್ನೆಲ್ಲ ಎಳೆದು ಕಟ್ಟಿ ಹದ ಮಾಡುತ್ತಾರಲ್ಲ, ಹಾಗೆ ಕಟ್ಟಿದ್ದ ಎಳೆಗಳ ಮೇಲೆ ಒಬ್ಬ ಬೇಕೆಂದೇ ಬಂಡಿ ಹೊಡೆದ. ಚಿನ್ನತಾತ ಗೂಟ ಕಿತ್ತು ಅವನ ತಲೆಗೆ ಬಿಟ್ಟ. ಒಂದೇ ಏಟು, ಪ್ರಾಣ ಹೋಯಿತು. ಆಗ ಚಿನ್ನತಾತನಿಗೆ ಮೀಸೆ ಸರಿಯಾಗಿ ಬಲಿತಿರಲಿಲ್ಲವಂತೆ. ದ್ವೀಪಾಂತರ ಶಿಕ್ಷೆಯಾಯಿತು. ಅಂಡಮಾನಿಗೆ ಕಳಿಸಿದರು ಅನ್ನುವಲ್ಲಿಗೆ ಸುದ್ದಿ ನಿಂತಿತು. ಸತ್ತ ಅಂತ ಕಾಗದ ಬರಲಿಲ್ಲ, ಬಿಟ್ಟರು ಅಂತಲೂ ಬರಲಿಲ್ಲ. ಸತ್ತವರ ಸಾಲಿನಲ್ಲಿ ಉಣ್ಣಿಸಲು ಮನಸ್ಸು ಬರದೆ, ಮರೆತುಬಿಡಲೂ ಆಗದೆ, ಆತನ ಅವ್ವನೇ ಒಂದು ವರ್ಷ ಎಲೆಯನ್ನು ಬೋರಲು ಹಾಕಿದಳಂತೆ. ಅವಳ ಕೈಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗನಿಗೆ ಆ ಬೋರಲೆಲೆ ಇಳಿದು ಬಂದಿತ್ತು. ಊರು ಬಿಟ್ಟು ಮೊಳಕಾಲ್ಮುರಿಗೆ ಬಂದರೂ ಅದು ಬಿಡಲಿಲ್ಲ. ಬೀದಿಯಲ್ಲಿ ಜಗಳವಾದರೆ ಆಗಲೂ ಯಾರಾದರೊಬ್ಬರು ಕೊಲೆಗಾರನ ಮನೆಯೋರು ಅಂತ ಎತ್ತಿ ಆಡುತ್ತಿದ್ದರು.

ಈಗ್ಗೆ ಹನ್ನೆರಡು ಹದಿಮೂರು ವರ್ಷದ ಹಿಂದೆ, ಶೇಂಗಾ ಹಂಗಾಮು ಮುಗಿದ ಮೇಲೆ, ನಾವು ಮಂಡಿಯ ಐದು ಮನೆಯವರು ಸೇರಿ ಅಂಡಮಾನಿಗೆ ಪ್ರವಾಸ ಗೊತ್ತು ಮಾಡಿದೆವು. ಹೊರಡುವ ಮುಂಚೆ ಮೊಳಕಾಲ್ಮುರಿಗೆ ಹೋಗಿದ್ದಾಗ, ಸುಮ್ಮನೆ ಜಂಬಕ್ಕೆ, ಮಾವನಿಗೆ ಹೇಳಿದೆ. ಲಾಳಿ ನಿಂತುಹೋಯಿತು. ಅವರು ಗುಂಡಿಯಿಂದ ಎದ್ದು ಬಂದರು. ಹಗಲು ಹೊತ್ತಿನಲ್ಲಿ ನನಗಾಗಿ ಮಗ್ಗ ಬಿಟ್ಟು ಎದ್ದದ್ದು ಅದೇ ಮೊದಲು. ಒಳಗೆ ಹೋಗಿ ಒಂದು ಚೀಟಿ ತಂದರು. ಚಿನ್ನತಾತನ ಹೆಸರು, ಆತನ ಅಪ್ಪನ ಹೆಸರು, ಊರು. ತೆಲುಗಿನಲ್ಲಿ ಮಾವ ಬರೆದದ್ದರ ಕೆಳಗೆ ಮಗಳು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದುಕೊಟ್ಟಳು.

"ಅಲ್ಲಿ ಎಲ್ಲಾರ ಬರ್ದಿಟ್ಟಿರ್ತಾರಲ್ಲಪ್ಪಾ, ಬಂದೋರು ಹೋದೋರು. ಒಂಚೂರು ಕೇಳ್ಕೊಂಡು ಬಾ" ಅಂದರು. ಚೀಟಿ ನನ್ನ ಅಂಗಿ ಜೇಬಿಗೆ ತಾವೇ ಇಟ್ಟರು.

ಹೋದೆವು. ನಮ್ಮಂಥವರ ಪ್ರವಾಸ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಖಡಕ್ ರೊಟ್ಟಿಯ ಡಬ್ಬ, ಶೇಂಗಾ ಚಟ್ನಿಪುಡಿ, ಪೂಜೆಯ ಸಾಮಾನಿನ ಚೀಲ. ವಿಮಾನದ ಕಿಟಕಿಯಿಂದ ಅಷ್ಟು ನೀರು ಕಂಡಾಗ ನಮ್ಮ ಗೆಳೆಯ, ಎಣ್ಣೆ ಮಿಲ್ಲಿನವನು, "ಲೇ, ಇದರಾಗೆ ಕಾಲು ಭಾಗ ನಮ್ಮ ಕೆರೇಲಿ ಇದ್ದಿದ್ರೆ ನಾನ್ಯಾಕೆ ಮಿಲ್ ಇಡ್ತಿದ್ನೋ, ಭತ್ತ ಬೆಳ್ಕೊಂಡು ಮಲಗ್ತಿದ್ದೆ" ಅಂದ. ಮಳೆ ಬಂದರೆ ಅಂಗಳಕ್ಕೆ ಓಡಿಹೋಗಿ ನಿಲ್ಲುವ ಸೀಮೆಯವರು ನಾವು. ಅಷ್ಟು ನೀರಿನ ನಡುವೆ ಬಾಟಲಿ ನೀರು ಕೊಂಡು ಕುಡಿಯುವುದು ಹೆಂಗಸರಿಗೆಲ್ಲ ದೊಡ್ಡ ತಮಾಷೆಯಾಯಿತು.

ಮೊದಲ ದಿನ ನಾವಿಳಿದ ಊರ ಎದುರಿನ ಒಂದು ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋದರು. ಒಂದು ಕಾಲಕ್ಕೆ ಬ್ರಿಟಿಷರು ಅಲ್ಲಿಂದಲೇ ಆಳಿದ್ದಂತೆ. ಈಗ ಸೂರು ಹೋಗಿ ಗೋಡೆಗಳಷ್ಟೇ ನಿಂತಿವೆ, ಆ ಗೋಡೆಗಳನ್ನು ಆಲದ ಜಾತಿಯ ಮರಗಳ ಬೇರು ಹೆಬ್ಬಾವಿನ ಹಾಗೆ ಅಪ್ಪಿಕೊಂಡಿವೆ. ಚರ್ಚಿನ ಕಿಟಕಿಯಲ್ಲಿ ಬೇರು, ರೊಟ್ಟಿ ಸುಡುತ್ತಿದ್ದ ಮನೆಯ ಬಾಗಿಲಲ್ಲಿ ಬೇರು. ನಡುವೆ ಚುಕ್ಕೆಜಿಂಕೆಗಳು ನಾಯಿಮರಿಯಂತೆ ಬಂದು ಕೈಯೊಳಗಿನದಕ್ಕೆ ಬಾಯಿ ಹಾಕುತ್ತಿದ್ದವು. ಈ ಇಟ್ಟಿಗೆಗಳನ್ನೆಲ್ಲ ಹೊತ್ತು ಕಟ್ಟಿದವರು ಕೈದಿಗಳು ಅಂತ ಜೊತೆಗಿದ್ದ ಗೈಡು ಹೇಳಿದ. ಆಗ ಚೀಟಿಯ ನೆನಪಾಯಿತು. ಆಗಲಿಲ್ಲ ಅಂತ ಹೇಳಲಾರೆ. ಒಂದು ಗೋಡೆಯ ಮೇಲೆ ಅಂಗೈ ಇಟ್ಟು, ಮಾವನ ಚಿನ್ನತಾತ ಹೊತ್ತ ಇಟ್ಟಿಗೆಯೂ ಇದರೊಳಗೆ ಇರಬಹುದಲ್ಲ ಅಂದುಕೊಂಡೆ. ಆಮೇಲೆ ಆ ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡೆ.

ಸಂಜೆ ಎಲ್ಲರೂ ಹಳೆಯ ಜೈಲು ನೋಡಲು ಹೋದರು. ನನಗೆ ಕಾಲು ನೋವು. ಒಳಗೆ ಒಂದು ಸುತ್ತು ಹಾಕಿ, ದೂರದಲ್ಲಿ ಕಲ್ಲಿನ ಮೇಲೆ ಹೆಸರುಗಳನ್ನು ಕೆತ್ತಿದ್ದು ಕಂಡು, ಅಲ್ಲಿನ ನೂಕುನುಗ್ಗಲಿಗೆ ಬೇಸತ್ತು, ಹೊರಗೆ ಬಂದು ಐಸ್‌ಕ್ರೀಮ್ ತಿನ್ನುತ್ತ ಕೂತೆ. ನಾವು ಉಳಿದಿದ್ದ ಹೋಟೆಲಿನವನು ಒಳ್ಳೆಯವ. ಚೀಟಿಯ ವಿಷಯ ಹೇಳಿದ್ದಕ್ಕೆ, ಹಳೆಯ ಕಾಗದಪತ್ರ ನೋಡಿಕೊಳ್ಳುವ ಒಂದು ಕಚೇರಿ ಊರೊಳಗೇ ಇದೆ, ಅರ್ಜಿ ಕೊಟ್ಟರೆ ಹುಡುಕುತ್ತಾರೆ, ಅರ್ಧ ದಿನದ ಕೆಲಸ ಅಂದ. ಮರುದಿನ ಬೆಳಿಗ್ಗೆಯೇ ದೂರದ ದ್ವೀಪಕ್ಕೆ ಹಡಗು. ಬಂದ ಮೇಲೆ ಹೋದರಾಯಿತು, ಹೊರಡುವ ಮುಂಚೆ ಒಂದು ದಿನ ಬಿಡುವಿದೆಯಲ್ಲ, ಅಂದುಕೊಂಡೆ.

ಆ ದೂರದ ದ್ವೀಪ... ಅದನ್ನು ಈಗಲೂ ಹೇಳಲು ಹೊರಟರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಆಟೋದಲ್ಲಿ ಹತ್ತು ನಿಮಿಷದ ನೆಲ. ಬೆಳ್ಳಗೆ ಜರಡಿ ಹಿಡಿದ ರವೆಯಂಥ ಮರಳು. ಮಧ್ಯಾಹ್ನ ಸಮುದ್ರ ಎದ್ದು ಮೈಲಿ ದೂರ ಹಿಂದಕ್ಕೆ ನಡೆದುಹೋಗುತ್ತಿತ್ತು. ಬಿಟ್ಟುಹೋದ ಹೊಂಡಗಳಲ್ಲಿ ನೀಲಿ ಮೀನು, ನಕ್ಷತ್ರದಂಥ ಜೀವಿ, ಮುಟ್ಟಿದರೆ ಮುದುಡುವ ಹೂವಿನಂಥದ್ದೇನೋ. ಎಳ್ಳುಕಾಳಿನಷ್ಟು ಏಡಿಗಳು ಮರಳನ್ನು ಉಂಡೆ ಕಟ್ಟಿ ಕಟ್ಟಿ ದಂಡೆಯುದ್ದಕ್ಕೂ ರಂಗೋಲಿ ಬಿಡುತ್ತಿದ್ದವು. ತಳದಲ್ಲಿ ಗಾಜು ಕೂರಿಸಿದ ದೋಣಿಯಲ್ಲಿ ಬಗ್ಗಿ ಕೂತು ಹವಳದ ತೋಟ ನೋಡಿದೆವು. ನೀರೆಂದರೆ ಕೊಡದಲ್ಲಿ ಎಣಿಸಿ ಗೊತ್ತಿದ್ದವನು ನಾನು, ಪ್ಯಾಂಟು ಮಡಚಿ ಇಳಿದವನು ಎದೆಮಟ್ಟದವರೆಗೆ ಹೋಗಿ ಮಗುವಿನಂತೆ ಕೂಗಾಡಿದೆ. ಅಲ್ಲಿ ಎರಡು ದಿನ ಅಂತ ಗೊತ್ತು ಮಾಡಿದ್ದು. ಇನ್ನೊಂದು ದಿನ ಇದ್ದು ನೇರ ವಿಮಾನಕ್ಕೆ ಹೋಗೋಣ ಅಂದವನು ನಾನೇ. ಬೇರೆ ಯಾರೂ ಅಲ್ಲ. ಹೆಂಡತಿ ಮಾತ್ರ, ಮಾವನ ಕೆಲಸ ಐತಲ್ಲ ಅಂತ ನೆನಪಿಸಿದಳು. ನೋಡೋಣ ಬಿಡು ಅಂದೆ.

ಚೀಟಿ ಪ್ಯಾಂಟಿನ ಜೇಬಿನಲ್ಲಿತ್ತು. ಎದೆಮಟ್ಟದ ನೀರಿಗೆ ಇಳಿದಾಗ ಅದೂ ನನ್ನ ಜೊತೆ ಇಳಿದಿತ್ತು. ಸಂಜೆ ತೆಗೆದು ನೋಡಿದರೆ ಮೂರು ಲಿಪಿಗಳೂ ಕರಗಿ ಒಂದೇ ನೀಲಿ ಕಲೆಯಾಗಿತ್ತು.

ಊರಿಗೆ ಬಂದು ಹದಿನೈದು ದಿನ ಮೊಳಕಾಲ್ಮುರಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ, ಹೋಗಲಿಕ್ಕಾಗಲಿಲ್ಲ ಮಾವ, ತಪ್ಪಾಯಿತು ಅಂತ ಹೇಳಿಬಿಡುವುದು ಅಂತಲೇ ಬಸ್ಸು ಹತ್ತಿದೆ. ಇದನ್ನು ನೀವು ನಂಬುತ್ತೀರೋ ಬಿಡುತ್ತೀರೋ. ಆ ಮಾತನ್ನು ಹಾನಗಲ್ ಬರುವವರೆಗೂ ಮನಸ್ಸಿನಲ್ಲೇ ಹೇಳಿಕೊಂಡು ಹೋಗಿದ್ದೆ.

ಆದರೆ ಅಲ್ಲಿ ನೋಡಿದರೆ ಮನೆ ತುಂಬ ಜನ. ನಾನು ಬರುವ ಸುದ್ದಿಯನ್ನು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೇ ತಪ್ಪಾಗಿತ್ತು. ಅಕ್ಕಪಕ್ಕದ ಮಗ್ಗದವರೆಲ್ಲ ಬಂದು ಕೂತಿದ್ದರು. ಮಾವ ಒಗೆದ ಪಂಚೆ ಉಟ್ಟು ಗೋಡೆಗೆ ಒರಗಿದ್ದರು. ಆ ಬೀದಿಯಲ್ಲಿ ಮಗ್ಗದ ಸದ್ದಿಲ್ಲದ ಹಗಲನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಗಳು ಬೆಲ್ಲದ ಪಾನಕ ಕೊಟ್ಟಳು. ಮೊದಲು ಸಮುದ್ರದ ವಿಷಯ ಹೇಳು ಅಂದರು. ಸಮುದ್ರ ಸದ್ದು ಮಾಡ್ತದಂತಲ್ಲ, ಎಷ್ಟು, ನಮ್ಮ ಬೀದಿಯ ಮಗ್ಗವೆಲ್ಲ ಒಟ್ಟಿಗೆ ಹೊಡೆದಷ್ಟಾ ಅಂತ ಮಾವ ಕೇಳಿದರು. ಅಷ್ಟೇ ಸಾಕಾಯಿತು ನನಗೆ. ಶುರು ಮಾಡಿದೆ. ಹಡಗು ಬಂತು, ಗಾಜಿನ ದೋಣಿ ಬಂತು, ಬೇರು ಅಪ್ಪಿದ ಗೋಡೆ ಬಂತು, ಜಿಂಕೆ ಬಂತು. ಕಣ್ಣುಗಳು ಅಗಲವಾದವು. ಕೈದಿಗಳು ಇಟ್ಟಿಗೆ ಹೊತ್ತ ಕತೆಗೆ ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜೈಲಿಗೆ ಬಂದೆ. ಕಲ್ಲಿನ ಮೇಲೆ ಸಾಲುಸಾಲಾಗಿ ಹೆಸರು ಕೆತ್ತಿದ್ದಾರೆ ಅಂದೆ. ಅದು ನಿಜವೇ. ಅಲ್ಲಿಗೆ ನಿಲ್ಲಿಸಬಹುದಿತ್ತು... ಮಾವ ಮುಂದಕ್ಕೆ ಬಾಗಿ ಚಿನ್ನತಾತನ ಹೆಸರು ಹೇಳಿದರು. ಬರೀ ಹೆಸರು. ಪ್ರಶ್ನೆಯನ್ನೂ ಕೇಳಲಿಲ್ಲ.

"ಐತೆ ಮಾವ" ಅಂದುಬಿಟ್ಟೆ. "ಕಲ್ಲಲ್ಲಿ ಕೆತ್ತವ್ರೆ. ಕೈಯಿಂದ ಮುಟ್ಟಿ ಬಂದೆ."

ಮಾವ ನನ್ನ ಬಲಗೈ ಹಿಡಿದು, ಅಂಗೈಯನ್ನು ಮೇಲೆ ಮಾಡಿ, ಹೆಬ್ಬೆರಳಿನಿಂದ ಸವರಿದರು. ರೇಷ್ಮೆ ಎಳೆಯ ನಯ ನೋಡುವಾಗ ಹೀಗೆಯೇ ಸವರುತ್ತಿದ್ದರು.

ಯುಗಾದಿಗೆ ಗಿಳಿಹಸಿರು ಸೀರೆ ಬಂತು. ಗೋಪುರದ ಅಂಚು, ಮೈತುಂಬ ಸಣ್ಣ ಸಣ್ಣ ಬುಟ್ಟ. ನನ್ನ ಹೆಂಡತಿಗೆಂದು ಮಾವನೇ ನೇಯ್ದು, ಮಗಳ ಕೈಯಲ್ಲಿ ಅರಿಶಿನ ಕುಂಕುಮದ ಜೊತೆ ಕಳಿಸಿದ್ದರು. ಮನೆಗೆಲಸದ ನಡುವೆ ಅದನ್ನು ಬಿಚ್ಚಿ ನೋಡಿ ನಮ್ಮ ಮನೆಯವಳು ಹಿಗ್ಗಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಮೂರನೆಯ ದಿನದ ದ್ವೀಪವೂ ಗೊತ್ತು, ನೀಲಿ ಕಲೆಯೂ ಗೊತ್ತು. ಹೇಳಿಬಿಡ್ರಿ ಅಂದಳು. ಹೇಳ್ತೀನಿ ಅಂದೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ನಮ್ಮಿಬ್ಬರಿಗೂ ಕರೆ ಬಂತು. ಹೋದೆವು. ಸಾಲಿನ ಕೊನೆಯ ಎಲೆ ಮೊದಲ ಸಲ ಮೊಗಚಿ ಮೇಲ್ಮುಖವಾಗಿತ್ತು. ಅನ್ನ, ಹೋಳಿಗೆ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಹೊಸ ಪಂಚೆ. ನೂರು ವರ್ಷ ಉಪವಾಸವಿದ್ದವನಿಗೆ ಬಡಿಸಿದ ಹಾಗೆ ಬಡಿಸಿದ್ದರು. ಮಾವ ಮಂಡಿಯೂರಿ ಹೆಸರು ಹೇಳಿ ನೀರು ಬಿಟ್ಟರು. ಆಮೇಲೆ ನನ್ನನ್ನು ಪಂಕ್ತಿಯಲ್ಲಿ ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ಆ ಊಟವನ್ನು ನಾನು ಉಂಡೆ. ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡೆ ಕೂಡ.

ಎಲೆ ಮೊಗಚಿದ್ದನ್ನು ಬೀದಿ ನೋಡಿತು. ಕಲ್ಲಿನ ಮೇಲೆ ಹೆಸರು ಕೆತ್ತಿದ್ದಾರೆ ಅಂದರೆ ಸುಮ್ಮನೆ ಕೆತ್ತುತ್ತಾರಾ, ದೇಶಕ್ಕಾಗಿ ಹೋದವನೇ ಇರಬೇಕು, ಬಂಡಿ ಹೊಡೆದವನು ಬ್ರಿಟಿಷರ ಕಡೆಯವನಿರಬೇಕು ಅಂತ ಬೀದಿಯೇ ಕತೆ ಮುಂದುವರಿಸಿತು. ಮಾವ ಮೊದಲು ತಲೆಯಾಡಿಸಿದರು. ಹಂಗಲ್ಲಪ್ಪಾ, ಅದು ಎಳೆ ಹಾಳಾದ ಸಿಟ್ಟು ಅಂದರು. ಆಮೇಲಾಮೇಲೆ ಸುಮ್ಮನಾದರು. ಒಂದು ದಿನ ನನಗೇ, ನಮ್ಮ ಹಿರಿಯರೇ ತಪ್ಪು ತಿಳ್ಕೊಂಡಿದ್ರೋ ಏನೋ ಅಂದರು. ಆ ಎಪ್ಪತ್ತೈದು ದಾಟಿದ ಮುಖದಲ್ಲಿ ಏನೋ ಒಂದು ಹಗುರವಾಗಿತ್ತು. ಕೊಲೆಗಾರನ ಮನೆ ಅನ್ನುವ ಮಾತು ಬೀದಿಯಲ್ಲಿ ನಿಂತುಹೋಗಿತ್ತು. ಹೇಳುವುದಿದ್ದರೆ ಆವತ್ತೇ ಹೇಳಬೇಕಿತ್ತು. ಆ ಹಗುರವನ್ನು ಕಿತ್ತುಕೊಳ್ಳಲು ನಾನ್ಯಾರು ಅಂತ ನನಗೆ ನಾನೇ ದೊಡ್ಡ ಮಾತಾಡಿಕೊಂಡು ಬಸ್ಸು ಹತ್ತಿದೆ.

ಜನವರಿ ಇಪ್ಪತ್ತಾರಕ್ಕೆ ಅಲ್ಲಿನ ಒಂದು ಶಾಲೆಯವರು ಮಾವನನ್ನು ಧ್ವಜ ಹಾರಿಸುವ ಕಾರ್ಯಕ್ರಮಕ್ಕೆ ಕರೆದರು, ಹೋರಾಟಗಾರರ ಮನೆತನದ ಹಿರಿಯರು ಅಂತ. ಕಣ್ಣಾರೆ ನೋಡಿ ಬಂದವರು ಅಂತ ನನ್ನನ್ನೂ. ನಾನು ಹೋಗಬಾರದಿತ್ತು. ಹೋದೆ, ಹೋದವನು ಮೈಕಿನ ಮುಂದೆಯೂ ನಿಂತೆ. ಸಾಲಾಗಿ ಕೂತ ಮಕ್ಕಳಿಗೆ ಆ ಪುಟ್ಟ ದ್ವೀಪದ ಬೇರುಗಳನ್ನೂ ಅಲೆಗಳನ್ನೂ ಹೇಳಿ, ಕಲ್ಲಿನ ಮೇಲಿನ ಹೆಸರಿಗೆ ಬಂದಾಗ ನನ್ನ ಬಲಗೈ ತಾನಾಗಿಯೇ ಮುಂದೆ ಚಾಚಿ ಇಲ್ಲದ ಅಕ್ಷರಗಳನ್ನು ಸವರಿತು. ನಾಚಿಕೆಗೇಡಿನ ಮಾತೆಂದರೆ, ಆ ಗಳಿಗೆಯಲ್ಲಿ ನಾನು ಅದನ್ನು ನಂಬಿದ್ದೆ. ಮಾವನಿಗೆ ಶಾಲು ಹೊದಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಆಮೇಲೆ ಹೆಡ್‌ಮಾಸ್ತರರ ಕೋಣೆಯಲ್ಲಿ ಉಪ್ಪಿಟ್ಟು, ಚಹಾ. ಬೀದಿಯ ನಾಲ್ಕು ಜನ ಹಿರಿಯರು, ಮಾವ, ಅವರ ಮಗಳು, ನಾನು. ಆಗ ಇತಿಹಾಸ ಹೇಳುವ ಮೇಷ್ಟ್ರು ಬಂದರು, ಹೊಸದಾಗಿ ಬಂದಿದ್ದ ಎಳೆಯ ಮನುಷ್ಯ. ಅವರಲ್ಲಿ ಕೊಂಕಿರಲಿಲ್ಲ, ಬರೀ ಉತ್ಸಾಹ. ಶಾಲೆಯ ಗೋಡೆಗೆ ಒಂದು ದೊಡ್ಡ ಹಲಗೆ ಮಾಡಿಸಬೇಕೆಂದು ಅಲ್ಲಿನ ಕಲ್ಲಿನ ಮೇಲಿನ ಹೆಸರುಗಳ ಪಟ್ಟಿಯನ್ನೆಲ್ಲ ಹುಡುಕಿ ಓದಿದ್ದರಂತೆ. ಅದರಲ್ಲಿ ಈ ಹೆಸರು ಸಿಗಲಿಲ್ಲ ಅಂದರು. ಆ ಕಲ್ಲುಗಳ ಮೇಲೆ ಹೋರಾಟದ ಕೈದಿಗಳ ಹೆಸರು ಮಾತ್ರ ಇರೋದು, ಮಿಕ್ಕ ಶಿಕ್ಷೆಯವರದು ಹಾಕಿಲ್ಲ ಅಂತಲೂ ಓದಿದೆ, ನನ್ನ ಕಣ್ತಪ್ಪೇ ಇರಬೇಕು ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಮುಟ್ಟಿ ನೋಡಿದೀರಲ್ಲ ಸಾರ್, ಒಂದು ಫೋಟೋ ಇದ್ರೆ ಕಳಿಸ್ರಿ, ಸಾಕು" ಅಂದರು.

ಫೋನು ತೆಗೆದೆ. ಯಾಕೆ ತೆಗೆದೆನೋ. ಇಲ್ಲದ ಫೋಟೋವನ್ನು ಹುಡುಕುತ್ತ ಬೆರಳಾಡಿಸಿದೆ. ಹವಳ, ಜಿಂಕೆ, ಎಳನೀರು ಹಿಡಿದ ನಾನು, ಬೇರಿನ ಗೋಡೆಗೆ ಒರಗಿದ ನಾನು, ಹುಲ್ಲಿನ ಟೋಪಿ ಹಾಕಿಕೊಂಡ ನಾನು, ಎದೆಮಟ್ಟದ ನೀರಿನಲ್ಲಿ ಎರಡೂ ಕೈ ಎತ್ತಿದ ನಾನು. ಮಾವ ಪಕ್ಕದ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದರು. ಅವರಿಗೆ ಆ ಫೋಟೋಗಳನ್ನು ನಾನು ಒಂದು ಸಲವೂ ತೋರಿಸಿರಲಿಲ್ಲ. ಒಂದೊಂದನ್ನೂ ನಿಧಾನಕ್ಕೆ ನೋಡಿದರು. ನೀರಿನಲ್ಲಿ ಕೈ ಎತ್ತಿದ ಚಿತ್ರ ಬಂದಾಗ, ಇದೇನಾ ಸಮುದ್ರ ಅಂತ ಮೆಲ್ಲಗೆ ಕೇಳಿದರು. ಹೂಂ ಅಂದೆ. ಇನ್ನೊಂದೆರಡು ಚಿತ್ರ ದಾಟಿತು. ಅವರಿಗೆ ಗೊತ್ತಾಯಿತು ಅನ್ನುವುದು ನನಗೂ ಗೊತ್ತಾಯಿತು; ಅವರ ಭುಜ ನನ್ನ ಭುಜಕ್ಕೆ ತಾಗಿದ್ದದ್ದು ಹಿಂದಕ್ಕೆ ಹೋಯಿತು.

"ಮೇಷ್ಟ್ರೇ, ಅವರದೇನಿಲ್ಲ" ಅಂದರು ಮಾವ. "ಒಂದೇ ಹೆಸರಿನೋರು ಎಷ್ಟೋ ಮಂದಿ ಇರ್ತಾರೆ. ವಿಚಾರಿಸ್ದೆ ಶಾಲು ಹೊದ್ದೋನು ನಾನು. ತಪ್ಪು ನಂದು."

ಎದ್ದು, ಶಾಲನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟರು. ಎಷ್ಟು ಬೇಡವೆಂದರೂ ಕೇಳಲಿಲ್ಲ. ಆಗ ನಾನು ಬಾಯಿ ಬಿಡಬಹುದಿತ್ತು. ಒಂದೇ ಮಾತು. ಜೀವನಪೂರ್ತಿ ಬೇಕಾದ್ದಕ್ಕೆ ಬೇಡವಾದ್ದಕ್ಕೆ ಬಂದ ಮಾತು ಆಗ ಬರಲಿಲ್ಲ. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದೆ.

ಮಾವ ಎಂದಿನಂತೆ ಬಸ್‌ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟರು. ಹಿಂದೆ ನಡೆದು ಬರುತ್ತಿದ್ದ ಬೀದಿಯವರಲ್ಲಿ ಯಾರೋ ಗುಸುಗುಸು ನಕ್ಕದ್ದು ಇಬ್ಬರಿಗೂ ಕೇಳಿಸಿತು. ಬಸ್ಸು ಬಂದಾಗ ಮಾವ ಎರಡೂ ಕೈ ಜೋಡಿಸಿ, "ನಿಮಗೆ ತಡ ಆಗ್ತೈತೆ. ಹೋಗ್ಬರ್ರಿ" ಅಂದರು. ನಲವತ್ತು ವರ್ಷದಲ್ಲಿ ನನಗೆ ಅವರು ಬಹುವಚನ ಹಾಕಿದ್ದು ಅದೊಂದೇ ಸಲ.

ಆಮೇಲೆ ನಾನು ಹೋಗಲಿಲ್ಲ. ಮನೆಯಲ್ಲಿ ಮದುವೆಗಳಾದವು, ಸೀರೆಗಳನ್ನು ಅಂಗಡಿಯಲ್ಲಿ ಕೊಂಡೆವು. ಮೂರು ವರ್ಷದ ಮೇಲೆ ಮಂಡಿಗೆ ಬಂದಿದ್ದ ಆ ಕಡೆಯ ಲಾರಿಯವನೊಬ್ಬ ಮಾತಿನ ನಡುವೆ, ನಿಮ್ಮ ಮಗ್ಗದ ಮಾವ ಹೋಗಿ ವಾರ ಆತಲ್ರೀ, ಮಣ್ಣಿಗೆ ಬಂದಿರಲಿಲ್ವಾ ಅಂತ ಕೇಳಿದ. ಊರಲ್ಲಿರಲಿಲ್ಲ ಅಂದೆ. ಊರಲ್ಲೇ ಇದ್ದೆ, ತಕ್ಕಡಿಯ ಮುಂದೆ.

ಹೋದ ವರ್ಷ ಚಳಿಗಾಲದಲ್ಲಿ ನಾನೊಬ್ಬನೇ ಮತ್ತೆ ಅಂಡಮಾನಿಗೆ ಹೋದೆ. ಚೀಟಿ ಕರಗಿದ್ದರೂ ಆ ಹೆಸರನ್ನು ಇನ್ನು ಈ ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಹೋಟೆಲಿನವನು ಹೇಳಿದ್ದ ಕಚೇರಿ ಅಲ್ಲೇ ಇತ್ತು, ಬಂದರಿನಿಂದ ಏರು ಹತ್ತಿ ನಡೆದರೆ ಕಾಲು ಗಂಟೆ. ಅಲ್ಲಿದ್ದ ಹೆಣ್ಣುಮಗಳು ನನ್ನ ಹರುಕು ಹಿಂದಿಯನ್ನು ತಾಳ್ಮೆಯಿಂದ ಕೇಳಿ, ಎರಡು ದಿನ ಹುಡುಕಿದಳು. ಸಿಗಲಿಲ್ಲ. ಆ ಕಾಲದ ಎಷ್ಟೋ ಪುಸ್ತಕಗಳು ಎರಡನೆಯ ಮಹಾಯುದ್ಧದ ದಿನಗಳಲ್ಲಿ ಹಾಳಾಗಿಹೋದವು ಅಂದಳು. ಶಿಕ್ಷೆ ಮುಗಿದವರಲ್ಲಿ ಬಹಳ ಜನ ಇಲ್ಲಿಯೇ ನೆಲ ಮಾಡಿಕೊಂಡು, ಮದುವೆಯಾಗಿ ಉಳಿದರು, ನಮ್ಮ ಮುತ್ತಜ್ಜನೂ ಹಾಗೆ ಬಂದವನೇ, ಎಲ್ಲಿಂದ ಅಂತ ನಮಗೂ ಗೊತ್ತಿಲ್ಲ ಅಂದಳು. ಕಿಟಕಿಯಾಚೆ ಆ ಪುಟ್ಟ ದ್ವೀಪಗಳು ಒಂದರ ಹಿಂದೆ ಒಂದು ಹಸಿರಾಗಿ ಕೂತಿದ್ದವು. ಪ್ರವಾಸಿಗಳ ದೋಣಿಗಳು ಹೋಗಿಬರುತ್ತಿದ್ದವು. ನಾನು ಯಾವುದಕ್ಕೂ ಹತ್ತಲಿಲ್ಲ.

ಬಂದವನು ಮೊಳಕಾಲ್ಮುರಿಗೆ ಹೋದೆ. ಮಾವನ ಗುಂಡಿಯಲ್ಲಿ ಈಗ ಮಗಳು ಕೂತಿದ್ದಳು, ತಲೆ ನರೆತಿತ್ತು. ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು. ಎರಡನೆಯ ಸಲ ಹೋಗಿದ್ದನ್ನು ಹೇಳಿದೆ, ಸಿಗಲಿಲ್ಲ ಅಂತಲೂ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ, ಮೊದಲನೆಯ ಸಲ ನಾನು ನೋಡಿಯೇ ಇರಲಿಲ್ಲ ಅಂದೆ. ಹೇಗೆ ಹೇಳಿದೆನೋ... ಉಪ್ಪೂ ಇಲ್ಲದೆ ಖಾರವೂ ಇಲ್ಲದೆ ನಾನು ಹೇಳಿದ ಕತೆ ಬಹುಶಃ ಅದೊಂದೇ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಆ ಶಾಲೆಯ ದಿನದ ಮೇಲೆ ಚಿನ್ನತಾತನ ಎಲೆಯದೇ ದೊಡ್ಡ ಕಷ್ಟವಾಯಿತು ಅಂತ ಹೇಳಿದಳು. ಒಂದು ಸಲ ಸತ್ತವನೆಂದು ಉಣ್ಣಿಸಿದ ಮೇಲೆ ಮತ್ತೆ ಬೋರಲು ಹಾಕಲು ಬಾರದು, ಗೊತ್ತಿಲ್ಲದೆ ಬಡಿಸಲೂ ಬಾರದು. ಅದಕ್ಕೆ ಅಪ್ಪ ಆ ಎಲೆ ಹಾಕುವುದನ್ನೇ ಬಿಟ್ಟರಂತೆ. ಹಾಕದ ಎಲೆಗೆ ಬದಲಾಗಿ, ಪ್ರತಿ ಮಹಾಲಯ ಅಮಾವಾಸ್ಯೆ ಎಲ್ಲರಿಗೂ ಬಡಿಸಿ, ಎಲ್ಲರನ್ನೂ ಉಣ್ಣಿಸಿ, ತಾವು ಮಾತ್ರ ಏನೂ ಮುಟ್ಟದೆ ಮಗ್ಗದ ಗುಂಡಿಯಲ್ಲಿ ಹೋಗಿ ಕೂರುತ್ತಿದ್ದರಂತೆ. ಮೂರು ವರ್ಷವೂ ಹಾಗೆಯೇ. ಕೇಳಿದರೆ, ಹಸಿವಿಲ್ಲ ಅನ್ನುತ್ತಿದ್ದರಂತೆ.

ನಾನು ತಲೆ ತಗ್ಗಿಸಿ, ತಪ್ಪಾಯಿತಮ್ಮಾ ಅಂದೆ.

"ನನಗ್ಯಾಕಣ್ಣಾ ಹೇಳ್ತೀಯ" ಅಂದಳು. "ಅಪ್ಪ ಇದ್ದಾಗ ಬರ್ಬೇಕಿತ್ತು. ಬಸ್ಸು ಬಂದಾಗೆಲ್ಲ ಬಾಗ್ಲು ಕಡೆ ನೋಡೋನು."

ಅಷ್ಟು ಹೇಳಿ ಗುಂಡಿಗೆ ಇಳಿದಳು. ಲಾಳಿ ಓಡಲು ಶುರುವಾಯಿತು. ಅಂಚಿನ ಕಡೆ ಲಾಳಿ ಎಸೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದೊಂದು ಎಳೆಗೂ ಅವಳೇ ಆ ತುದಿಗೆ ಬಾಗಿ, ತಿರುಗಿ ಈ ತುದಿಗೆ ಬರುತ್ತಿದ್ದಳು. ನಾನು ಎಷ್ಟು ಹೊತ್ತು ಚಾಪೆಯ ಮೇಲೆ ಕೂತಿದ್ದೆನೋ ಗೊತ್ತಿಲ್ಲ. ಏಳಲು ಯಾರಾದರೂ ಹೇಳಬೇಕಿತ್ತು. ಹೇಳುವವರು ಇರಲಿಲ್ಲ.